ಬೆಂಕಿ ಬಿದ್ದಾಗ ಯಾರಿಗೆ ಹೇಳಬೇಕು, ಏನು ಹೇಳಬೇಕು

ಚಿತ್ರದುರ್ಗ ತಾಲ್ಲೂಕಿನ ಭರಮಸಾಗರದ ಕಡೆ ನಮ್ಮ ಮಾವನ ಸೊಪ್ಪೆ ಬಣವೆ ಸುಟ್ಟಿತು. ಅವತ್ತು ಸಂಜೆಯೇ ಊರವರೆಲ್ಲ ಸೇರಿ ಬೂದಿ ಬಳಿದು ತಿಪ್ಪೆಗೆ ಹಾಕಿದರು. ಒಳ್ಳೆ ಮನಸ್ಸಿಂದಲೇ ಮಾಡಿದ್ದು. ಆದರೆ ಮರುದಿನ ಪಂಚನಾಮೆಗೆ ಬಂದವರಿಗೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ಒಂದು ಕಪ್ಪು ಕಲೆ ಬಿಟ್ಟರೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋನ್. 112ಕ್ಕೆ ಮಾಡಿದರೆ ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ ಆಗುತ್ತದೆ. ಅಗ್ನಿಶಾಮಕಕ್ಕೆ ನೇರವಾಗಿ 101, ಆಂಬುಲೆನ್ಸ್‌ಗೆ 108. ಫೋನ್ ಎತ್ತಿದವರಿಗೆ ನಿಮ್ಮ ಊರು ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ. ಗೊಲ್ಲರಹಟ್ಟಿ ಅಂದರೆ ಯಾವ ಗೊಲ್ಲರಹಟ್ಟಿ? ತಾಲ್ಲೂಕಿಗೆ ಎಷ್ಟೊಂದು ಇವೆ ಅಲ್ವಾ? ಊರು, ಹೋಬಳಿ, ತಾಲ್ಲೂಕು ಮೂರೂ ಹೇಳಿ, ಟಾರ್ ರೋಡಿಂದ ಎಲ್ಲಿ ತಿರುಗಬೇಕು ಅಂತ ಒಂದು ಗುರುತು ಕೊಡಿ. ಏನು ಉರಿಯುತ್ತಿದೆ, ಒಳಗೆ ಜನ ಇದ್ದಾರಾ, ಸಿಲಿಂಡರ್ ಇದೆಯಾ ಅನ್ನುವುದನ್ನೂ ಹೇಳಿ. ಆಮೇಲೆ ಒಬ್ಬ ಹುಡುಗ ಬೈಕ್ ತೆಗೆದುಕೊಂಡು ಮೇನ್ ರೋಡಿಗೆ ಹೋಗಿ ನಿಲ್ಲಲಿ. ಕತ್ತಲಲ್ಲಿ ದಾರಿ ಹುಡುಕುವುದರಲ್ಲೇ ತುಂಬಾ ಹೊತ್ತು ಹೋಗುತ್ತದೆ.

ಕರೆಂಟ್ ತಂತಿಯಿಂದ ಹತ್ತಿದ್ದರೆ ನೀರು ಹಾಕಬೇಡಿ, ಬೆಸ್ಕಾಂನ 1912ಕ್ಕೆ ಹೇಳಿ ಲೈನ್ ಆಫ್ ಮಾಡಿಸಿ. ಗ್ಯಾಸ್ ಸೋರಿದರೆ 1906. ಚಿತ್ರದುರ್ಗದ ಜೋಗಿಮಟ್ಟಿಯಂಥ ಕಾಡುಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ 1926.

ಮೈ ಸುಟ್ಟವರಿದ್ದರೆ ನಲ್ಲಿ ನೀರು, ಇಪ್ಪತ್ತು ನಿಮಿಷ, ಸುಮ್ನೆ ಹರಿಯುತ್ತಾ ಇರಲಿ. ಕೈ ಊದಿಕೊಳ್ಳುವುದಕ್ಕೆ ಮುಂಚೆ ಬಳೆ, ಉಂಗುರ ಬಿಚ್ಚಿ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಪೇಸ್ಟ್, ಇಂಕು, ಬೆಣ್ಣೆ, ಐಸ್ ಯಾವುದೂ ಬೇಡ. ಒಗೆದ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಾವಣಗೆರೆಯಲ್ಲಾದರೆ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದಲ್ಲಾದರೆ ಜಿಲ್ಲಾಸ್ಪತ್ರೆ.

ಅಲ್ಲಿ ಡಾಕ್ಟರ್ ಎಂಎಲ್‌ಸಿ, ಅಂದರೆ ಗಾಯ ಹೇಗಾಯಿತು ಅಂತ ಕಾನೂನಿಗಾಗಿ ಇಡುವ ದಾಖಲೆ, ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಇದನ್ನು ಕೇಳಿಯೇ ಎಷ್ಟೋ ಮನೆಯವರು ಹೆದರಿ ಕಥೆ ಬದಲಿಸುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಕೈ ಸುಟ್ಟುಕೊಂಡವನು ಮನೆಯಲ್ಲಿ ಬಿಸಿನೀರು ಬಿತ್ತು ಅನ್ನುತ್ತಾನೆ, ಮಾಲೀಕರಿಗೆ ತೊಂದರೆ ಆಗದಿರಲಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಕೆಲಸದ ಜಾಗದಲ್ಲಿ ಸುಟ್ಟಿದ್ದಕ್ಕೆ ಪರಿಹಾರ ಕೇಳುವ ಹಕ್ಕಿದೆ, ಆದರೆ ಮೊದಲ ದಿನದ ಕಾಗದದಲ್ಲಿ ಮನೆ ಅಂತ ಬರೆಸಿದರೆ ನಾಳೆ ಅದೇ ಕಾಗದ ನಿಮ್ಮ ವಿರುದ್ಧ ನಿಲ್ಲುತ್ತದೆ. ಹೆಣ್ಣುಮಗಳು ಸುಟ್ಟು ಬಂದಾಗಲಂತೂ ಗಂಡನ ಮನೆಯವರು ಪಕ್ಕದಲ್ಲೇ ನಿಂತು ‘ಸ್ಟೌ ಸಿಡಿಯಿತು’ ಅಂತ ತಾವೇ ಉತ್ತರ ಹೇಳುವುದಕ್ಕೆ ಬಿಡಬೇಡಿ. ಅವಳನ್ನು ಒಬ್ಬಳೇ ಇರುವಾಗ ಕೇಳಿ ಅಂತ ಡಾಕ್ಟರಿಗೆ ಹೇಳಿ. ಮಹಿಳಾ ಸಹಾಯವಾಣಿ 181 ಇದೆ. ಯಾರೋ ಬೇಕಂತಲೇ ಹಚ್ಚಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ವ್ಯಾಪ್ತಿ ಅಲ್ಲ’ ಅಂತ ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ಳಿ.

ಇನ್ನು ಮನೆ, ದನ, ಬಣವೆ ಸುಟ್ಟಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಅವತ್ತೇ ಫೋನ್ ಮಾಡಿ, ತಹಶೀಲ್ದಾರರಿಗೆ ಪರಿಹಾರಕ್ಕೆ ಒಂದು ಅರ್ಜಿ ಬರೆದುಕೊಡಿ. ದನ ಸತ್ತಿದ್ದರೆ ಹೂಳುವ ಮುಂಚೆ ಪಶುವೈದ್ಯರಿಂದ ಪೋಸ್ಟ್‌ಮಾರ್ಟಂ ಮಾಡಿಸಿ. ಗ್ಯಾಸ್ ಸಿಲಿಂಡರ್ ಆಗಿದ್ದರೆ ಏಜೆನ್ಸಿಗೂ ಲಿಖಿತವಾಗಿ ತಿಳಿಸಿ, ಗ್ರಾಹಕರಿಗೆ ವಿಮೆ ಇರುತ್ತದೆ. ಫೈರ್ ಸ್ಟೇಷನ್ನಿಂದ ವರದಿ ಕೇಳಿ ಪಡೆಯಿರಿ, ವಿಮೆಯವರು ಅದನ್ನೇ ಕೇಳುತ್ತಾರೆ.

ಈ ಅಧಿಕಾರಿಗಳೆಲ್ಲ ಬಂದು ನೋಡುವ ತನಕ ಬೂದಿ ಮುಟ್ಟಬೇಡಿ. ಬೆಂಕಿ ಪೂರ್ತಿ ಆರಿದ ಮೇಲೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಒಂದರಲ್ಲಾದರೂ ಅಕ್ಕಪಕ್ಕದ ಮನೆಯೋ ಮರವೋ ಕಾಣಿಸಲಿ. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಅವರಿಗೆ ಕೊಡಿ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಕಚೇರಿ ಮೆಟ್ಟಿಲು ಇಳಿಯಿರಿ.