ಮೆಡಿಕಲ್ ಕಾಲೇಜು ಕಟ್ಟಬೇಕಾ? ಮೊದಲು ಆಸ್ಪತ್ರೆ ನಡೆಸಿ

ದುಡ್ಡಿದೆ, ಹೈವೇ ಪಕ್ಕ ಜಮೀನಿದೆ, ಜನರ ಒತ್ತಾಯವೂ ಇದೆ, ಒಂದು ಮೆಡಿಕಲ್ ಕಾಲೇಜು ಶುರು ಮಾಡೇಬಿಡೋಣ ಅಂತ ಹೊರಡುವವರು ಸಾಮಾನ್ಯವಾಗಿ ಮೊದಲು ಕರೆಸುವುದು ಆರ್ಕಿಟೆಕ್ಟ್‌ನನ್ನು. ಅಲ್ಲೇ ಎಡವುತ್ತಾರೆ. ಕಟ್ಟಡ ಎಷ್ಟು ಚೆಂದ ಇದೆ ಅನ್ನುವುದು ಕಾನೂನಿಗೆ ಆಮೇಲಿನ ಮಾತು. ಹಣ ಸಾಕಷ್ಟಿದೆಯಾ, ಪಾಠ ಮಾಡುವವರು ಇದ್ದಾರಾ, ಆಸ್ಪತ್ರೆ ಸರಿಯಾಗಿದೆಯಾ? ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 29ನೇ ಸೆಕ್ಷನ್ ಮುಖ್ಯವಾಗಿ ಕೇಳುವುದು ಇಷ್ಟನ್ನೇ. ಹಳೆಯ ಮೆಡಿಕಲ್ ಕೌನ್ಸಿಲ್ (ಎಂಸಿಐ) ಹೋಗಿ ಈ ಆಯೋಗ ಬಂದದ್ದು 2020ರ ಸೆಪ್ಟೆಂಬರ್ 25ರಂದು. ಹಾಗಾಗಿ ಯಾರಾದರೂ ಇನ್ನೂ ‘ಎಂಸಿಐ ಪರ್ಮಿಷನ್ ಮಾಡಿಸಿಕೊಡ್ತೀನಿ’ ಅಂದರೆ ಅವರಿಂದ ಸ್ವಲ್ಪ ದೂರ ಇರಿ.

ಯಾರ ಹೆಸರಲ್ಲಿ?

ವ್ಯಕ್ತಿಯ ಹೆಸರಲ್ಲಿ ಕಾಲೇಜು ಆಗುವುದಿಲ್ಲ. ಹೆಚ್ಚಿನವರು ಹೋಗುವ ದಾರಿ ಎರಡು. ಒಂದು, ಸಾರ್ವಜನಿಕ ಚಾರಿಟಬಲ್ ಟ್ರಸ್ಟ್. ಇನ್ನೊಂದು, ಸೊಸೈಟಿ. ಕರ್ನಾಟಕದಲ್ಲಾದರೆ ಸೊಸೈಟಿಯನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬೇಕು. ಟ್ರಸ್ಟ್ ಡೀಡ್ ಬರೆಸುವಾಗ ಉದ್ದೇಶಗಳ ಪಟ್ಟಿಯಲ್ಲಿ ‘ವೈದ್ಯಕೀಯ ಶಿಕ್ಷಣ ಸಂಸ್ಥೆ ನಡೆಸುವುದು’ ಅಂತ ಬಿಡಿಸಿ ಬರೆಸಿ. ‘ಶಿಕ್ಷಣ ಮತ್ತು ಸಮಾಜಸೇವೆ’ ಅಂತ ಸುಮ್ನೆ ಬರೆಸಿಟ್ಟು, ಅರ್ಜಿ ಹಾಕುವ ಹೊತ್ತಿಗೆ ತಿದ್ದುಪಡಿ ಮಾಡಿಸಲು ಓಡಾಡುವುದು ಬೇಡ.

ಲಾಭದ ಪ್ರಶ್ನೆ ಎಲ್ಲರಿಗೂ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿದೆ. ಸಂಸ್ಥೆ ಬೆಳೆಯಲು ಬೇಕಾದಷ್ಟು ಉಳಿತಾಯ ಮಾಡಿಕೊಳ್ಳಬಹುದು, ಲಾಭಕೋರತನ ಕೂಡದು, ಕ್ಯಾಪಿಟೇಶನ್, ಅಂದರೆ ಸೀಟಿಗಾಗಿ ಡೊನೇಷನ್ ವಸೂಲಿ, ಅಂತೂ ಕೂಡದೇ ಕೂಡದು. ಉಳಿದ ದುಡ್ಡು ಕಾಲೇಜಿಗೇ ಹೋಗಬೇಕು, ಟ್ರಸ್ಟಿಯ ಮನೆಗಲ್ಲ. ಈ ಮಾತು ಕೇಳಿ ಆಸಕ್ತಿ ಹೋಯಿತು ಅನ್ನುವವರು ಇಲ್ಲೇ ಓದು ನಿಲ್ಲಿಸಬಹುದು, ತಪ್ಪಿಲ್ಲ.

ಜಮೀನು

ಹಿಂದೆ ಇಷ್ಟೇ ಎಕರೆ ಇರಬೇಕು ಅಂತ ಲೆಕ್ಕ ಇತ್ತು. 2020ರ ನಿಯಮ ಆ ಲೆಕ್ಕವನ್ನು ಕೈಬಿಟ್ಟಿತು. ಹಾಗಂತ ಹಗುರಾಗಿ ತಗೊಳ್ಳಬೇಡಿ. ಕೃಷಿ ಭೂಮಿಯಾದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕನ್ವರ್ಷನ್ ಆಗಬೇಕು. ಪಹಣಿಯಲ್ಲಿರುವ ಹೆಸರು ಮತ್ತು ಅರ್ಜಿ ಹಾಕುವ ಟ್ರಸ್ಟಿನ ಹೆಸರು ಒಂದೇ ಇರಬೇಕು. ಜಮೀನು ಅಧ್ಯಕ್ಷರ ಹೆಂಡತಿ ಹೆಸರಲ್ಲಿದ್ದು ‘ನಮ್ಮದೇ ಅಲ್ವಾ’ ಅಂದರೆ ನಡೆಯುವುದಿಲ್ಲ. ಇನ್ನೊಂದು ಮಾತು. ಆ ಸರ್ವೆ ನಂಬರ್ ಹಿಂದೆ ಯಾವತ್ತಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ತಾಲ್ಲೂಕು ಕಚೇರಿಯಲ್ಲಿ ಹಳೆಯ ದಾಖಲೆ ತೆಗೆಸಿ ನೋಡಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯವೇ ಊರ್ಜಿತವಲ್ಲ. ಮೇಲೆ ಎಷ್ಟು ಮಹಡಿ ಎಬ್ಬಿಸಿದ್ದರೂ ಕೆಳಗಿನ ನೆಲ ನಿಮ್ಮದಾಗುವುದಿಲ್ಲ.

ಆಸ್ಪತ್ರೆ – ಅರ್ಧ ಕೆಲಸ ಇಲ್ಲೇ ಇದೆ

ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಆಸ್ಪತ್ರೆ ಆಗಲೇ ಓಡುತ್ತಿರಬೇಕು. ‘ಕಟ್ಟುತ್ತೇವೆ’ ಅನ್ನುವ ಭರವಸೆಗೆ ಬೆಲೆ ಇಲ್ಲ. 2023ರ ಕನಿಷ್ಠ ಮಾನದಂಡದ ಪ್ರಕಾರ 50 ಎಂಬಿಬಿಎಸ್ ಸೀಟಿಗೆ 220 ಹಾಸಿಗೆ, 100 ಸೀಟಿಗೆ 420, 150 ಸೀಟಿಗೆ 605. ಹೊಸ ಕಾಲೇಜಿಗೆ 150ಕ್ಕಿಂತ ಜಾಸ್ತಿ ಸೀಟು ಸಿಗುವುದಿಲ್ಲ. ಹಾಸಿಗೆ ಹಾಕಿಟ್ಟರೆ ಸಾಲದು, ಅದರ ಮೇಲೆ ರೋಗಿಗಳಿರಬೇಕು. ಅದೇ ಮಾನದಂಡ ಕೇಳುವುದು ವರ್ಷವಿಡೀ ಶೇ 80ರಷ್ಟು ಭರ್ತಿ.

ಇದು ಎಷ್ಟು ಕಷ್ಟ ಅಂತ ಒಂದು ಮಂಗಳವಾರ ಮಧ್ಯಾಹ್ನ ಹೊಸ ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಇನ್‌ಸ್ಪೆಕ್ಷನ್ ದಿನ ಮಾತ್ರ ವಾರ್ಡ್ ತುಂಬಿಸುವವರ ಕಥೆ ಎಲ್ಲರೂ ಕೇಳಿದ್ದೀರಿ. ಸಿಕ್ಕಿಬೀಳುವುದು ಹೇಗೆ ಅಂದರೆ, ಹಾಸಿಗೆ ಮೇಲೆ ಹೊದ್ದು ಮಲಗಿದವರ ಕೇಸ್ ಶೀಟ್ ತೆಗೆದರೆ ಅಡ್ಮಿಷನ್ ಅವತ್ತು ಬೆಳಿಗ್ಗೆಯದೇ ಇರುತ್ತದೆ. ‘ಜ್ವರ’ ಅಂತ ಬರೆದಿರುತ್ತದೆ, ಟೆಂಪರೇಚರ್ ಚಾರ್ಟ್ ಖಾಲಿ. ಆ ನಂಬರ್ ಹಿಡಿದು ಲ್ಯಾಬ್ ರಿಜಿಸ್ಟರ್‌ಗೆ ಹೋದರೆ ಅಲ್ಲಿ ಒಂದು ರಕ್ತಪರೀಕ್ಷೆಯೂ ದಾಖಲಾಗಿಲ್ಲ. ಫಾರ್ಮಸಿಯಲ್ಲಿ ಒಂದು ಮಾತ್ರೆಯೂ ಹೋಗಿಲ್ಲ. ಸುಳ್ಳನ್ನು ಮೂರು ಪುಸ್ತಕದಲ್ಲಿ ಹೊಂದಿಸಿ ಬರೆಯುವುದಕ್ಕಿಂತ ನಿಜವಾಗಿ ಆಸ್ಪತ್ರೆ ನಡೆಸುವುದೇ ಸಲೀಸು.

ಆಸ್ಪತ್ರೆಗೆ ಬೇಕಾದ ಲೈಸೆನ್ಸುಗಳೇ ಒಂದು ಫೈಲ್ ತುಂಬುತ್ತವೆ. ಖಾಸಗಿ ಆಸ್ಪತ್ರೆಗಳಿಗೆ ರಾಜ್ಯದ ಕೆಪಿಎಂಇ ಕಾಯ್ದೆಯ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಅಗ್ನಿಶಾಮಕದ ಎನ್‌ಒಸಿ, ಸ್ಕ್ಯಾನಿಂಗ್ ಮಷೀನಿಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ, ಎಕ್ಸ್‌ರೇ ಮತ್ತು ಸಿಟಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ರಕ್ತನಿಧಿಗೆ ಬೇರೆಯದು. ಇವಕ್ಕೆಲ್ಲ ಅವಧಿ ಇರುತ್ತದೆ, ಮುಗಿಯುವ ತಾರೀಖು ಗೋಡೆ ಮೇಲೆ ಬರೆದಿಡಿ. ಅನಾಟಮಿ ವಿಭಾಗಕ್ಕೆ ಮೃತದೇಹ ಎಲ್ಲಿಂದ ಅಂತ ಹಲವರು ಯೋಚಿಸಿಯೇ ಇರುವುದಿಲ್ಲ. ವಾರಸುದಾರರಿಲ್ಲದ ದೇಹ ಪಡೆಯಲು, ದೇಹದಾನ ಸ್ವೀಕರಿಸಲು ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ಅದರ ಪ್ರಕಾರವೇ ಹೋಗಬೇಕು.

ರಾಜ್ಯದ ಪತ್ರ, ವಿಶ್ವವಿದ್ಯಾಲಯದ ಪತ್ರ

ದೆಹಲಿಗೆ ಹೋಗುವ ಮೊದಲು ಎರಡು ಕಾಗದ ಕೈಯಲ್ಲಿರಬೇಕು. ಮೊದಲನೆಯದು ರಾಜ್ಯ ಸರ್ಕಾರದ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್. ಇಲ್ಲಿ ಇನ್ನೊಂದು ಕಾಲೇಜು ಬೇಕು ಅಂತ ಸರ್ಕಾರ ಒಪ್ಪಿಕೊಳ್ಳುವ ಪತ್ರ. ಇದಕ್ಕೆ ಯಾಕಿಷ್ಟು ತಡ ಅಂತ ಗೊಣಗುವ ಮುಂಚೆ ಅದರ ನಮೂನೆ ಓದಿ. ಕಾಲೇಜು ಮುಂದೆ ಸೌಲಭ್ಯ ಒದಗಿಸದೆ ಹೊಸ ಪ್ರವೇಶ ನಿಂತುಹೋದರೆ, ಆಗಲೇ ಸೇರಿರುವ ವಿದ್ಯಾರ್ಥಿಗಳ ಜವಾಬ್ದಾರಿ ಸರ್ಕಾರದ್ದು ಅಂತ ಅದರಲ್ಲೇ ಬರೆದಿರುತ್ತದೆ. ನಿಮ್ಮ ಕಾಲೇಜಿಗೆ ಸರ್ಕಾರ ಜಾಮೀನು ನಿಂತ ಹಾಗೆ! ಸಹಿ ಹಾಕುವವರು ಎರಡು ಸಲ ನೋಡುವುದು ಸಹಜ. ಆದರೆ ಒಮ್ಮೆ ಕೊಟ್ಟ ಮೇಲೆ ಮನಸ್ಸಿಗೆ ಬಂದಂತೆ ವಾಪಸ್ ಪಡೆಯುವ ಹಾಗಿಲ್ಲ. ಚಿಂತ್‌ಪೂರ್ಣಿ ಮೆಡಿಕಲ್ ಕಾಲೇಜು ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಮೋಸದಿಂದ ಪಡೆದಿದ್ದರೆ ಮಾತು ಬೇರೆ.

ಎರಡನೆಯದು ಅಫಿಲಿಯೇಶನ್‌ಗೆ ಒಪ್ಪಿಗೆ. ಕರ್ನಾಟಕದಲ್ಲಿ ಅದನ್ನು ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅವರ ತಂಡವೂ ಬಂದು ನೋಡುತ್ತದೆ.

2023ರಲ್ಲಿ ಆಯೋಗ, ಹತ್ತು ಲಕ್ಷ ಜನಸಂಖ್ಯೆಗೆ 100 ಸೀಟು ಎಂಬ ಮಿತಿ ತಂದಿತ್ತು. ದಕ್ಷಿಣದ ರಾಜ್ಯಗಳು ಗಲಾಟೆ ಮಾಡಿದ ಮೇಲೆ ಅದನ್ನು ಮುಂದೂಡಿತು. ಆದ್ದರಿಂದ ನೀವು ಅರ್ಜಿ ಹಾಕುವ ವರ್ಷದ ನೋಟಿಸನ್ನು ಆಯೋಗದ ವೆಬ್‌ಸೈಟಿನಲ್ಲೇ ಓದಿ. ಏಜೆಂಟರ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ.

ಆಯೋಗಕ್ಕೆ ಅರ್ಜಿ

ಆಯೋಗದ ಕೆಳಗೆ ನಾಲ್ಕು ಮಂಡಳಿಗಳಿವೆ. ಹೊಸ ಕಾಲೇಜಿನ ಅರ್ಜಿ ಹೋಗುವುದು ಮೌಲ್ಯಮಾಪನ ಮತ್ತು ರೇಟಿಂಗ್ ಮಂಡಳಿಗೆ, ಅಂದರೆ ಎಂಎಆರ್‌ಬಿಗೆ. ಪೋರ್ಟಲ್ ತೆರೆಯುವುದು ಕೆಲವೇ ದಿನ. 28ನೇ ಸೆಕ್ಷನ್ ಪ್ರಕಾರ ಮಂಡಳಿ 6 ತಿಂಗಳಲ್ಲಿ ತೀರ್ಮಾನಿಸಬೇಕು, ತಿರಸ್ಕರಿಸುವ ಮೊದಲು ಕೊರತೆ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಆಗಲಿಲ್ಲವೆಂದರೆ 15 ದಿನದೊಳಗೆ ಆಯೋಗಕ್ಕೆ ಅಪೀಲು. ಅದನ್ನು ಆಯೋಗ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಎರಡನೇ ಅಪೀಲು. ತಿರಸ್ಕಾರದ ಪತ್ರ ಬಂದ ದಿನವೇ ದಿನ ಎಣಿಸಲು ಶುರು ಮಾಡಿ.

ಅಧ್ಯಾಪಕರ ವಿಷಯದಲ್ಲಿ ಆಟ ಆಡಬೇಡಿ. ಬೇರೆ ಊರಲ್ಲಿ ಪ್ರ್ಯಾಕ್ಟೀಸ್ ಮಾಡುವ ಡಾಕ್ಟರ ಹೆಸರನ್ನು ಕಾಗದದ ಮೇಲೆ ಪ್ರೊಫೆಸರ್ ಮಾಡಿ ತೋರಿಸುವ ಕಾಲ ಇದಲ್ಲ. ಈಗ ಆಧಾರ್ ಜೋಡಿಸಿದ, ಮುಖ ಗುರುತಿಸುವ ಹಾಜರಿ ಇದೆ. ಶೇ 75 ಹಾಜರಿ ಬೇಕು. 2023ರ ಇನ್ನೊಂದು ನಿಯಮದಲ್ಲಿ ಒಂದೊಂದು ತಪ್ಪಿಗೆ ಕಾಲೇಜಿಗೆ 1 ಕೋಟಿ ರೂಪಾಯಿವರೆಗೆ ದಂಡವಿದೆ, ಸುಳ್ಳು ಮಾಹಿತಿಗೆ ಡೀನ್‌ ಮತ್ತು ಅಧ್ಯಾಪಕರಿಗೂ 5 ಲಕ್ಷದವರೆಗೆ. ಇನ್‌ಸ್ಪೆಕ್ಷನ್ ಮಾಹಿತಿ ಸೋರಿಕೆ ಮತ್ತು ಲಂಚದ ಆರೋಪದಲ್ಲಿ 2025ರಲ್ಲಿ ಸಿಬಿಐ ಹಲವು ರಾಜ್ಯಗಳಲ್ಲಿ ಶೋಧ ನಡೆಸಿದ್ದೂ ನೆನಪಿರಲಿ.

ಪರ್ಮಿಷನ್ ಬಂದ ಮೇಲೆ

ಲೆಟರ್ ಆಫ್ ಪರ್ಮಿಷನ್ ಕೈಗೆ ಬರುವ ಮೊದಲು ಒಬ್ಬ ವಿದ್ಯಾರ್ಥಿಯನ್ನೂ ಸೇರಿಸಿಕೊಳ್ಳಬೇಡಿ, ಅಡ್ವಾನ್ಸೂ ಬೇಡ. ಪ್ರವೇಶ ನೀಟ್ ಮೂಲಕವೇ, ಕೌನ್ಸೆಲಿಂಗ್ ಮೂಲಕವೇ, ಮ್ಯಾನೇಜ್‌ಮೆಂಟ್ ಸೀಟಿಗೂ ಅಷ್ಟೇ. ಶುಲ್ಕವನ್ನು ನೀವೊಬ್ಬರೇ ಕೂತು ನಿಗದಿ ಮಾಡುವ ಹಾಗಿಲ್ಲ. ಡೊನೇಷನ್ ಕೇಳಿದರೆ ಕರ್ನಾಟಕದಲ್ಲಿ 1984ರಿಂದಲೇ ಅದಕ್ಕೊಂದು ನಿಷೇಧ ಕಾಯ್ದೆ ಇದೆ. ಕ್ಯಾಪಿಟೇಶನ್ ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿದ ಮೋಹಿನಿ ಜೈನ್ ಪ್ರಕರಣ ಶುರುವಾದದ್ದೂ ನಮ್ಮ ತುಮಕೂರಿನ ಸೀಟೊಂದರಿಂದಲೇ.

ಪರ್ಮಿಷನ್ ಬಂತು ಅಂದರೆ ಮಾನ್ಯತೆ ಬಂತು ಅಂತಲ್ಲ. ಮೊದಲ ಬ್ಯಾಚ್ ಕೊನೆಯ ವರ್ಷದ ಪರೀಕ್ಷೆ ಬರೆಯುವ ಹೊತ್ತಿಗೆ ಮತ್ತೆ ಪರಿಶೀಲನೆ ಆಗುತ್ತದೆ, ಪದವಿಗೆ ಮಾನ್ಯತೆ ಸಿಗುವುದು ಆಮೇಲೆ. ಕೋರ್ಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿಯವರೆಗೆ ಪ್ರತಿ ವರ್ಷ ಆಯೋಗಕ್ಕೆ ಲೆಕ್ಕ ಒಪ್ಪಿಸಬೇಕು. ಹಾಸಿಗೆ ಎಷ್ಟು ತುಂಬಿದೆ, ಪ್ರೊಫೆಸರ್ ಯಾರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರು ಬಂದರು, ಎಲ್ಲವನ್ನೂ.