ಅಂಗಿಯ ಅಂಚಿನಲ್ಲಿ ಕಳೆಯುತ್ತಿದ್ದ ಒಂದು ಸೆಕೆಂಡು

ಟೈಮರ್ ಬೀಪ್ ಎಂದಿತು. ಅಂಗಿಯ ಕೆಳಗೆ ಸೊಂಟದಲ್ಲಿದ್ದ ಪಿಸ್ತೂಲು ತೆಗೆಯಲು ಎಡಗೈಯಿಂದ ಅಂಗಿ ಎತ್ತಿದೆ, ಅರ್ಧ ಮಾತ್ರ ಎದ್ದಿತು. ಬಲಗೈ ಪಿಸ್ತೂಲಿನ ಹಿಡಿಯ ಜೊತೆಗೆ ಅಂಗಿಯ ಅಂಚನ್ನೂ ಸೇರಿಸಿ ಹಿಡಿಯಿತು. ಬಿಟ್ಟೆ, ಮತ್ತೆ ಹಿಡಿದೆ, ಹೊರತೆಗೆದೆ, ಗಾಳಿಯಲ್ಲೇ ಕೈ ಸರಿಮಾಡಿಕೊಂಡು ಈಡು ಹೊಡೆದೆ. 7 ಗಜ ದೂರದ ರಟ್ಟಿನ ಗುರಿಯಲ್ಲಿ ಭುಜದ ಹತ್ತಿರ ತೂತು ಬಿತ್ತು. ಟೈಮರಿನಲ್ಲಿ 2.74 ಸೆಕೆಂಡು. ನಮ್ಮ ತರಬೇತುದಾರರು ನಿವೃತ್ತ ಪೊಲೀಸ್ ಅಧಿಕಾರಿ. ಅಂಕಿ ನೋಡಿ ಏನೂ ಹೇಳಲಿಲ್ಲ. "ಈಗ ನಿಧಾನಕ್ಕೆ ಒಳಗಿಡು" ಎಂದರು, ಅಷ್ಟೇ. ವೇಗ ಕಲಿಯಲು ಹೋದವನಿಗೆ ಅವರು ಮೊದಲು ಒಳಗಿಡುವುದರ ಬಗ್ಗೆ ಯಾಕೆ ಹೇಳಿದರು ಎಂಬುದು ಗೊತ್ತಾಗಲು ನನಗೆ ಕೆಲವು ತಿಂಗಳು ಹಿಡಿಯಿತು.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಮಂಗ, ಕಾಡುಹಂದಿ ಓಡಿಸಲು ಅಪ್ಪನ ಬಳಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇತ್ತು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುತ್ತಿದ್ದರು. ಕೋವಿ ಒರೆಸುವಾಗ ನಾನು ಹತ್ತಿರ ಹೋದರೆ ಅವರ ಮೊದಲ ಮಾತು ಯಾವಾಗಲೂ ಒಂದೇ: "ಬಾಯಿ ಎತ್ಲಾಗೆ ನೋಡ್ತಿದೆ, ಹೇಳು." ಕೋವಿಯ ಬಾಯಿ ಯಾವ ಕಡೆಗಿದೆ ಎಂದು ನಾನು ಕೈ ತೋರಿಸಿ ಹೇಳಬೇಕಿತ್ತು. ಹೇಳದಿದ್ದರೆ ಜಗಲಿಯಿಂದ ಎಬ್ಬಿಸಿ ಕಳಿಸುತ್ತಿದ್ದರು. ಆದರೆ ಆ ಕೋವಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಸೊಂಟದಲ್ಲಿ ಅಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಜೀವನ ನನಗೆ ಬಂದದ್ದು ಟೆಕ್ಸಸ್‌ನಲ್ಲಿ.

ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನನ್ನದೊಂದು ಚಿಕ್ಕ ದಿನಸಿ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿ, ದಿನದ ನಗದು ತೆಗೆದುಕೊಂಡು, ಹಿಂದಿನ ಕತ್ತಲ ಪಾರ್ಕಿಂಗ್ ದಾಟಿ ಕಾರಿಗೆ ಹೋಗಬೇಕಿತ್ತು. ಎಚ್‌1ಬಿ ವೀಸಾದಲ್ಲಿ ಕೆಲಸಕ್ಕಿದ್ದಷ್ಟು ವರ್ಷ ಬಂದೂಕಿನ ಮಾತೇ ಇರಲಿಲ್ಲ. ವಲಸೆಯಲ್ಲದ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು, ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟು, ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇದು ಗೊತ್ತಿಲ್ಲದೆ ಗೆಳೆಯರ ಜೊತೆ ಅಂಗಡಿಗೆ ಹೋಗಿ ಕೊಳ್ಳಲು ಹೊರಡುವ ನಮ್ಮ ಹುಡುಗರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ನಾನು ಗ್ಲಾಕ್ 19 ಪಿಸ್ತೂಲು ಕೊಂಡೆ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಅರ್ಹತೆ ಇರುವವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ನಾನು ಲೈಸೆನ್ಸ್ ಮಾಡಿಸಿದೆ, ಎಲ್ಲರಿಗೂ ಮಾಡಿಸಿ ಎಂದೇ ಹೇಳುತ್ತೇನೆ. ಆ ತರಗತಿಯಲ್ಲಿ ಕಲಿಸುವ ಕಾನೂನು ಬೇರೆಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಗುರಿಯ ಪರೀಕ್ಷೆ 50 ಗುಂಡುಗಳದ್ದು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. 250 ಅಂಕದಲ್ಲಿ 175 ಬಂದರೆ ಪಾಸು. ನನಗೆ 241 ಬಂತು. ಆದರೆ ಆ ಐವತ್ತರಲ್ಲಿ ಒಂದನ್ನೂ ನಾನು ಹೋಲ್‌ಸ್ಟರ್‌ನಿಂದ, ಅಂದರೆ ಸೊಂಟದಲ್ಲಿ ಪಿಸ್ತೂಲು ಇಡುವ ಒರೆಯಿಂದ, ತೆಗೆದು ಹೊಡೆದಿರಲಿಲ್ಲ. ಪಿಸ್ತೂಲು ಮೊದಲೇ ಕೈಯಲ್ಲಿತ್ತು. ಒಯ್ಯಲು ಅನುಮತಿ ಸಿಕ್ಕಿತ್ತು, ತೆಗೆಯಲು ಬರುತ್ತಿರಲಿಲ್ಲ. ಹಾಗಾಗಿ ಆ ತರಬೇತುದಾರರ ಬಳಿ ಹೋದೆ, 2.74 ಬಂತು.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಫೋನನ್ನು ಸ್ಟ್ಯಾಂಡಿಗೆ ಹಾಕಿ ಸ್ಲೋ ಮೋಷನ್‌ನಲ್ಲಿ ನನ್ನದೇ ವಿಡಿಯೊ ತೆಗೆದದ್ದು. ಖಾಲಿ ಪಿಸ್ತೂಲು, ಅದೇ ಅಂಗಿ, ಅದೇ ಬೆಲ್ಟು. ಚೌಕಟ್ಟು ಚೌಕಟ್ಟಾಗಿ ಎಣಿಸಿದೆ. ಬೀಪ್ ಕೇಳಿ ಕೈ ಅಲುಗಲು ಸುಮಾರು 0.3 ಸೆಕೆಂಡು. ಅಂಗಿ ಎತ್ತಿ ಹಿಡಿ ಪೂರ್ತಿ ಸಿಗಲು 1.3. ಮೇಲಕ್ಕೆತ್ತಿ ಕೈ ಚಾಚಲು ಅರ್ಧ ಸೆಕೆಂಡು. ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು, ಹುಡುಕಿ ಟ್ರಿಗರ್ ಒತ್ತಲು ಉಳಿದದ್ದು. ಕೈಯನ್ನು ಇನ್ನೂ ಜೋರಾಗಿ ಚಾಚಬೇಕು ಎಂದುಕೊಂಡಿದ್ದೆ. ಕೈ ಚಾಚುವಲ್ಲಿ ಕಳೆಯುತ್ತಿದ್ದುದು ಏನೂ ಇಲ್ಲ. ಸಮಯವೆಲ್ಲ ಹೊಟ್ಟೆಯ ಮೇಲೆ, ಅಂಗಿಯ ಅಂಚಿನಲ್ಲಿ ಹೋಗುತ್ತಿತ್ತು.

ಮೊದಲು ಸಾಮಾನು ಸರಿಮಾಡಿದೆ. ನಾನು ಒಯ್ಯುವುದು ಸೊಂಟದ ಮುಂದೆ, ಪ್ಯಾಂಟಿನ ಒಳಗೆ, ಹೊಕ್ಕುಳಿನಿಂದ ತುಸು ಬಲಕ್ಕೆ. ಹಳೆಯ ಚರ್ಮದ ಬೆಲ್ಟು ಮೆತ್ತಗಾಗಿ, ಪಿಸ್ತೂಲು ಎಳೆದರೆ ಹೋಲ್‌ಸ್ಟರೂ ಜೊತೆಗೆ ಎದ್ದು ಬರುತ್ತಿತ್ತು. ಗಟ್ಟಿ ಬೆಲ್ಟು ತಂದೆ. ಹೋಲ್‌ಸ್ಟರ್ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಟ್ರಿಗರ್ ಇರುವ ಭಾಗವನ್ನು ಪೂರ್ತಿ ಮುಚ್ಚುವಂಥದ್ದು. ಈ ಒಂದು ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಅದರ ಕ್ಲಿಪ್ಪನ್ನು ಒಂದು ತೂತು ಕೆಳಗಿಳಿಸಿ ಪಿಸ್ತೂಲನ್ನು ಸ್ವಲ್ಪ ಮೇಲೆ ಕೂರಿಸಿದೆ. ಹಿಂದೆ ಅದು ಎಷ್ಟು ಆಳದಲ್ಲಿತ್ತೆಂದರೆ ಮೂರು ಬೆರಳು ಹೋಗಬೇಕಾದಲ್ಲಿ ಎರಡೇ ಹೋಗುತ್ತಿದ್ದವು, ಹೆಬ್ಬೆರಳು ಬೆಲ್ಟಿಗೆ ತಾಗುತ್ತಿತ್ತು. ಅಂಗಿ ಒಂದು ಸೈಜು ದೊಡ್ಡದು ತೆಗೆದುಕೊಂಡೆ, ತೀರ ತೆಳುವಾದ ಬಟ್ಟೆ ಬಿಟ್ಟೆ. ತೆಳು ಬಟ್ಟೆ ಬೆವರಿಗೆ ಮೈಗೆ ಅಂಟಿಕೊಂಡು ಮುಷ್ಟಿಗೆ ಸಿಗುವುದಿಲ್ಲ.

ಆಮೇಲೆ ಕೈ. ಎಡಗೈ ಅಂಗಿಯನ್ನು ಬೆರಳ ತುದಿಯಲ್ಲಿ ಚಿವುಟಿ ಎತ್ತಬಾರದು. ಅಂಚಿನ ಸ್ವಲ್ಪ ಮೇಲೆ ಮುಷ್ಟಿ ತುಂಬ ಬಟ್ಟೆ ಹಿಡಿದು ನೇರ ಎದೆಗುಂಡಿಗೆಯವರೆಗೆ ಎಳೆಯಬೇಕು. ಅರ್ಧದಲ್ಲಿ ನಿಲ್ಲಿಸಿದರೆ ಬಟ್ಟೆ ಜಾರಿ ಕೈ ಮೇಲೆ ಬೀಳುತ್ತದೆ, ನನಗೆ ಮೊದಲ ದಿನ ಆದದ್ದು ಅದೇ. ಎಡಗೈ ಎದೆಯ ಮೇಲೆ ಕಾಯುತ್ತಿರುತ್ತದೆ, ಬಲಗೈ ಅಲ್ಲಿಗೆ ಬಂದು ಕೂಡಿಕೊಳ್ಳುತ್ತದೆ.

ಬಲಗೈಯ ಹಿಡಿಯೇ ಇಡೀ ಕೆಲಸದ ಜೀವ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವೆ ಹಿಡಿಯ ಹಿಂಬದಿಯ ತೀರ ಮೇಲೆ ಒತ್ತಿ ಕೂರಬೇಕು. ನಡುಬೆರಳಿನ ಗೆಣ್ಣು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ಕೆಳಕ್ಕೆ ಗಟ್ಟಿಯಾಗಿ ತಾಗಬೇಕು. ಹೆಚ್ಚು ಅಭ್ಯಾಸ ಮಾಡಿದ ದಿನ ಆ ಗೆಣ್ಣಿನ ಪಕ್ಕ ಕೆಂಪಾಗಿ ಸಣ್ಣ ಬೊಕ್ಕೆ ಏಳುತ್ತದೆ. ಅದು ಎದ್ದ ದಿನ ಹಿಡಿ ಸರಿಯಾಗಿತ್ತು ಎಂದೇ ನಾನು ತಿಳಿಯುತ್ತೇನೆ. ತೋರುಬೆರಳು ಹೋಲ್‌ಸ್ಟರಿನ ಹೊರಮೈಗೆ ನೇರವಾಗಿ ಚಾಚಿರುತ್ತದೆ, ಗುರಿಯ ಮೇಲೆ ಸೈಟ್ ಬಂದು ಹೊಡೆಯಬೇಕೆಂದು ತೀರ್ಮಾನ ಆಗುವವರೆಗೆ ಟ್ರಿಗರ್ ಮುಟ್ಟುವುದಿಲ್ಲ. ಹೋಲ್‌ಸ್ಟರ್‌ನಲ್ಲಿ ಇರುವಾಗಲೇ ಹಿಡಿ ಪೂರ್ತಿ ಆಗಿರಬೇಕು. ಗಾಳಿಯಲ್ಲಿ ಸರಿಮಾಡಿಕೊಳ್ಳುವುದಕ್ಕೆ ಸಮಯವಿಲ್ಲ. ಅಭ್ಯಾಸದಲ್ಲಿ ಹಿಡಿ ತಪ್ಪಿದರೆ ಆ ಸುತ್ತನ್ನು ಅಲ್ಲೇ ನಿಲ್ಲಿಸಿ ಮೊದಲಿನಿಂದ ಮಾಡುತ್ತಿದ್ದೆ. ತಪ್ಪು ಹಿಡಿಯಲ್ಲೇ ಮುಂದುವರಿದರೆ ಕೈ ಕಲಿಯುವುದು ಆ ತಪ್ಪನ್ನೇ.

ಮೊದಲ ಮೂರು ವಾರ ಪಿಸ್ತೂಲನ್ನು ಹೊರತೆಗೆಯಲೇ ಇಲ್ಲ. ಅಂಗಿ ಎತ್ತು, ಹಿಡಿ, ಬಿಡು. ದಿನಕ್ಕೆ 50 ಸಲ. ಬೇಸರದ ಕೆಲಸ, ಆದರೆ ಬರೀ ಇದರಿಂದಲೇ ನನ್ನ ಸಮಯ 2.3ಕ್ಕೆ ಇಳಿಯಿತು.

ಮನೆಯ ಡ್ರೈ ಫೈರ್, ಅಂದರೆ ಗುಂಡಿಲ್ಲದ ಅಭ್ಯಾಸ, ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ತಪ್ಪುವುದು ಇಲ್ಲೇ. ನಮ್ಮಲ್ಲಿ ಎಂಟು ವರ್ಷದ ಮಗನಿದ್ದಾನೆ. 17ರೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಮಗನಿದ್ದಾನಲ್ಲ. ಅಭ್ಯಾಸಕ್ಕೆ ಮೊದಲು ಮ್ಯಾಗಜೀನು (ಗುಂಡು ತುಂಬುವ ಡಬ್ಬಿ), ಗುಂಡು ಎಲ್ಲವನ್ನೂ ಬೇರೆ ಕೋಣೆಯ ಬೀಗದ ಪೆಟ್ಟಿಗೆಗೆ ಹಾಕುತ್ತೇನೆ. ಹೊಡೆಯುವ ಗುಂಡು ಕೂರುವ ಗೂಡು, ಛೇಂಬರನ್ನು, ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿ, ಮತ್ತೊಮ್ಮೆ ನೋಡುತ್ತೇನೆ. ಗುರಿಯ ಚೀಟಿ ಅಂಟಿಸಿರುವುದು ಇಟ್ಟಿಗೆಯ ಹೊರಗೋಡೆಗೆ, ಆ ಕಡೆ ಯಾರೂ ವಾಸವಿಲ್ಲ. ಬಾಗಿಲಿಗೆ ಚಿಲಕ. ಹದಿನೈದು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ, ಗಮನ ಸಡಿಲಾಗುತ್ತದೆ. ಮುಗಿದ ಮೇಲೆ ಚೀಟಿ ಕಿತ್ತು ಮೇಜಿನ ಮೇಲಿಟ್ಟು ಬಾಯಿಬಿಟ್ಟು "ಮುಗೀತು" ಎನ್ನುತ್ತೇನೆ. ಹೊರಗಿನಿಂದ ನನ್ನವಳು, "ಮುಗೀತೇನ್ರೀ?" ಎಂದು ಕೇಳುತ್ತಾಳೆ, ಇನ್ನೊಮ್ಮೆ "ಮುಗೀತು" ಎನ್ನುತ್ತೇನೆ. ಅದಾದ ಮೇಲೆ "ಇನ್ನೊಂದೇ ಒಂದು ಸಲ" ಎಂಬುದು ನಮ್ಮ ಮನೆಯಲ್ಲಿಲ್ಲ. ಗುಂಡು ತುಂಬಿದ ಮೇಲೆ ಮರೆತು ಮಾಡುವ ಆ ಇನ್ನೊಂದು ಸಲವೇ ಗೋಡೆ ತೂರುವುದು.

ಟೈಮರ್‌ನಲ್ಲಿ ಎರಡು ಬೀಪ್ ಇಡಬಹುದು, ಶುರುವಿಗೊಂದು, ಗಡುವಿಗೊಂದು. ಗಡುವನ್ನು 2.3ರಿಂದ ಶುರುಮಾಡಿ, ಹತ್ತರಲ್ಲಿ ಎಂಟು ಸಲ ಎರಡನೇ ಬೀಪಿಗೆ ಮೊದಲೇ ಫ್ರಂಟ್ ಸೈಟ್ ಚೀಟಿಯ ಮೇಲೆ ನಿಂತು ಟ್ರಿಗರ್ ಅಲುಗಾಡದೆ ಒತ್ತಿದರೆ ಮಾತ್ರ 0.1 ಇಳಿಸುತ್ತಿದ್ದೆ. ಗ್ಲಾಕ್‌ನಲ್ಲಿ ಒಮ್ಮೆ ಒತ್ತಿದ ಮೇಲೆ, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆಯದೆ ಟ್ರಿಗರ್ ಮತ್ತೆ ಏಳುವುದಿಲ್ಲ. ಮೊದಮೊದಲು ಅದು ಕಿರಿಕಿರಿ ಅನಿಸಿತು, ಆಮೇಲೆ ಪ್ರತಿ ಸಲಕ್ಕೂ ನಡುವೆ ಉಸಿರು ತೆಗೆದುಕೊಳ್ಳಲು ಅದೇ ನೆಪವಾಯಿತು.

1.9ಕ್ಕೆ ಬಂದು ಆರು ವಾರ ಅಲ್ಲೇ ನಿಂತೆ. ಎಷ್ಟು ಅವಸರ ಮಾಡಿದರೂ ಇಳಿಯಲಿಲ್ಲ. ಮತ್ತೆ ವಿಡಿಯೊ, ಈ ಸಲ ಪಕ್ಕದಿಂದ. ಹಂಡೆಯಿಂದ ಚೊಂಬಿನಲ್ಲಿ ನೀರು ಮೊಗೆದ ಹಾಗೆ ಪಿಸ್ತೂಲು ಕೆಳಗಿನಿಂದ ಬಳಸಿಕೊಂಡು ಮೇಲೆ ಬರುತ್ತಿತ್ತು. ಕಣ್ಣಿಗೆ ಸೈಟ್ ಕಾಣುವುದು ಕೈ ಪೂರ್ತಿ ಚಾಚಿದ ಮೇಲೆ. ಅದನ್ನು ನೇರ ಎದೆಯವರೆಗೆ ಎತ್ತಿ, ಅಲ್ಲಿ ಎರಡು ಕೈ ಕೂಡಿಸಿ, ಮೇಜಿನ ಡ್ರಾಯರ್ ನೂಕಿದಂತೆ ಮುಂದಕ್ಕೆ ತಳ್ಳಿದರೆ, ಕೈ ಇನ್ನೂ ಹೋಗುತ್ತಿರುವಾಗಲೇ ಸೈಟ್ ಕಣ್ಣಿಗೆ ಬೀಳುತ್ತದೆ. ಭುಜ ಬಿಗಿಹಿಡಿಯುವುದನ್ನೂ ಬಿಟ್ಟೆ. ಎರಡು ವಾರದಲ್ಲಿ 1.7.

ಗುಂಡು ಹೊಡೆಯಲು ಹೋಗುವ ರೇಂಜಿನ ಕಥೆ ಬೇರೆ. ಇಲ್ಲಿನ ಬಹುಪಾಲು ಒಳಾಂಗಣ ರೇಂಜುಗಳು ಹೋಲ್‌ಸ್ಟರ್‌ನಿಂದ ತೆಗೆದು ಹೊಡೆಯಲು ಬಿಡುವುದಿಲ್ಲ. ಊರಾಚೆಯ ಬಯಲು ರೇಂಜಿನಲ್ಲಿ, ಮೂರು ಕಡೆ ಮಣ್ಣಿನ ದಿಬ್ಬ ಇರುವ ಜಾಗದಲ್ಲಿ, ತರಬೇತುದಾರರ ಎದುರೇ ನಿಜವಾದ ಗುಂಡಿನ ಅಭ್ಯಾಸ ಮಾಡಿದೆ. ಜನವರಿಯ ಚಳಿ, ಜಾಕೆಟ್ ಹಾಕಿದ್ದೆ. ಅವತ್ತು 1.8, 1.76, ಎಲ್ಲ 20 ಸೆಂಟಿಮೀಟರಿನ ವೃತ್ತದೊಳಗೆ. ಹುರುಪಿನಲ್ಲಿ ಮುಂದಿನ ಸುತ್ತಿಗೆ ಬೇಗ ತಯಾರಾಗಬೇಕೆಂದು ಗುರಿಯನ್ನೇ ನೋಡುತ್ತ ಪಿಸ್ತೂಲನ್ನು ಒಳಗೆ ತಳ್ಳಿದೆ. ಏನೋ ಅಡ್ಡ ಸಿಕ್ಕಿತು. ದಿಂಬಿಗೆ ತಳ್ಳಿದ ಹಾಗೆ, ಮೆತ್ತನೆಯ ತಡೆ. ಕೈ ನಿಂತುಬಿಟ್ಟಿತು. ಹಿಂದಿನಿಂದ ಅವರು ಜೋರಾಗಿ, "ತಳ್ಳಬೇಡ" ಎಂದರು. ಮೇಲೆತ್ತಿ ನೋಡಿದರೆ, ಜಾಕೆಟ್ಟಿನ ಸೊಂಟದ ದಾರ, ಅದರ ತುದಿಯ ಪ್ಲಾಸ್ಟಿಕ್ ಗುಂಡಿಯ ಸಮೇತ, ಟ್ರಿಗರ್ ಗಾರ್ಡಿನ ಒಳಗೆ ಸುತ್ತಿಕೊಂಡಿತ್ತು. ಛೇಂಬರಿನಲ್ಲಿ ಗುಂಡು. ಪಿಸ್ತೂಲಿನ ಬಾಯಿ ನನ್ನ ತೊಡೆಯ ರಕ್ತನಾಳದ ಕಡೆ. ಬಾಯಿ ಎತ್ಲಾಗೆ ನೋಡ್ತಿದೆ ಎಂದು ಅಪ್ಪ ಕೇಳುತ್ತಿದ್ದುದು ಜೋಡುನಳಿಗೆಯ ಕೋವಿಯ ಮುಂದೆ ನಿಂತ ಹುಡುಗನಿಗೆ. ಆ ದಿನ ರೇಂಜಿನಲ್ಲಿ ನಾನು ಉತ್ತರ ಹೇಳಲಾಗದೆ ನಿಂತಿದ್ದೆ. ಮತ್ತೆ ಹೊಡೆಯಲಿಲ್ಲ. ಮನೆಗೆ ಬಂದು ಮನೆಯಲ್ಲಿದ್ದ ಎಲ್ಲ ಜಾಕೆಟ್ಟುಗಳ ದಾರ ಕತ್ತರಿಸಿ ಹಾಕಿದೆ.

ಒಳಗಿಡಲು ಅವಸರ ಯಾರಿಗೂ ಇಲ್ಲ. ಬೆರಳು ಹೊರಗೆ. ಸುತ್ತ ನೋಡು. ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿ. ತಲೆ ಬಗ್ಗಿಸಿ ಹೋಲ್‌ಸ್ಟರಿನ ಬಾಯಿಯನ್ನು ಕಣ್ಣಾರೆ ನೋಡು. ಸೊಂಟ ಮುಂದೆ ತಳ್ಳಿ ಮೈ ಹಿಂದೆ ಬಾಗಿಸಿದರೆ ಪಿಸ್ತೂಲಿನ ಬಾಯಿ ದೇಹದಿಂದ ಆಚೆ ತಿರುಗುತ್ತದೆ. ಆಮೇಲೆ ನಿಧಾನಕ್ಕೆ, ತಡೆ ಸಿಕ್ಕರೆ ನಿಲ್ಲಿಸು. ಇದಕ್ಕೆ ನಾನು ಐದಾರು ಸೆಕೆಂಡು ತೆಗೆದುಕೊಳ್ಳುತ್ತೇನೆ, ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲೂ ಅಷ್ಟೇ.

ವೇಗ ಎಷ್ಟು ಬೇಕು ಎಂಬುದಕ್ಕೆ ನನ್ನ ಬಳಿ ಇರುವ ಅಳತೆಗೋಲು ಒಂದೇ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಒಂದು ಲೇಖನ ಬರೆದರು. ಮೈಮೇಲೆ ನುಗ್ಗುವ ಮನುಷ್ಯ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ ಎಂಬುದು ಅದರ ಲೆಕ್ಕ. 21 ಅಡಿ ಎಂದರೆ ಅದೇ 7 ಗಜ, ನನ್ನ ಅಂಗಡಿಯ ಹಿಂಬಾಗಿಲಿನಿಂದ ಕಾರಿನವರೆಗೆ ಆಗ ಇದ್ದಷ್ಟು. ನನ್ನ 1.7 ಅಲ್ಲಿಗೆ ಸಾಲದು. ಹಾಗಾಗಿ ನಿಂತಲ್ಲೇ ತೆಗೆಯುವುದನ್ನು ಬಿಟ್ಟು, ಬೀಪ್ ಕೇಳಿದ ಕೂಡಲೇ ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿಯುತ್ತ ತೆಗೆಯುವುದನ್ನು ಕಲಿತೆ. ಮೊದಲು ಸಮಯ ಮತ್ತೆ 2ರ ಮೇಲೆ ಹೋಯಿತು, ತಿಂಗಳಲ್ಲಿ ಇಳಿಯಿತು. ಅಂಗಡಿಯಲ್ಲಿ ಇನ್ನೂ ಅಗ್ಗದ ಉಪಾಯಗಳನ್ನೂ ಮಾಡಿದೆ: ಹಿಂದಿನ ದೀಪ ಬದಲಿಸಿದೆ, ಕಾರನ್ನು ಬಾಗಿಲ ಹತ್ತಿರ ನಿಲ್ಲಿಸುತ್ತೇನೆ, ನಗದನ್ನು ರಾತ್ರಿ ಒಯ್ಯುವುದು ನಿಲ್ಲಿಸಿದ್ದೇನೆ. ದುಡ್ಡು ಕೇಳಿದರೆ ಕೊಟ್ಟುಬಿಡುತ್ತೇನೆ. ಪಿಸ್ತೂಲು ದುಡ್ಡಿಗಾಗಿ ಅಲ್ಲ, ಜೀವ ಹೋಗುವ ಹೊತ್ತಿಗೆ.

ಫೆಬ್ರುವರಿಯಿಂದ ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ಟಲ್ ಅಸೋಸಿಯೇಷನ್) ಪಂದ್ಯಗಳಿಗೂ ಹೋಗುತ್ತಿದ್ದೇನೆ. 1996ರಲ್ಲಿ ಶುರುವಾದ ಈ ಸಂಸ್ಥೆಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ಮೇಲಂಗಿಯ ಮರೆಯಿಂದಲೇ ತೆಗೆಯಬೇಕು. ಗುರಿಯಲ್ಲಿ ಗುಂಡು ಎಲ್ಲಿ ಬಿತ್ತೆಂಬುದರ ಮೇಲೆ ಸಮಯಕ್ಕೆ ದಂಡ ಸೇರುತ್ತದೆ. ಹೆಸರು ಕರೆದಾಗ ಎದೆ ಹೊಡೆದುಕೊಳ್ಳುವುದು, ಹತ್ತು ಜನ ನೋಡುತ್ತಿರುವುದು, ಇದು ಕೋಣೆಯೊಳಗೆ ಸಿಗುವುದಿಲ್ಲ. ಮೊದಲ ಪಂದ್ಯದಲ್ಲಿ ನಾನು ಪಿಸ್ತೂಲು ತೆಗೆದದ್ದು ಮನೆಯದಕ್ಕಿಂತ ಅರ್ಧ ಸೆಕೆಂಡು ನಿಧಾನವಿತ್ತು.

ಅದರಿಂದ ಡೈರಿ ಬರೆಯುವ ರೀತಿ ಬದಲಿಸಿದೆ. ಮೊದಲು ದಿನದ ಅತಿ ಒಳ್ಳೆಯ ಸಮಯ ಬರೆಯುತ್ತಿದ್ದೆ. ಈಗ ಬರೆಯುವುದು ದಿನದ ಮೊದಲನೆಯದನ್ನು ಮಾತ್ರ. ಕೈ ಬಿಸಿಯಾಗುವ ಮೊದಲು, ಅಂಗಡಿಯಲ್ಲಿ ಇಡೀ ದಿನ ನಿಂತು ಬಂದ ಅದೇ ಅಂಗಿಯಲ್ಲಿ, ಖಾಲಿ ಮಾಡಿದ ಪಿಸ್ತೂಲಿನಲ್ಲಿ ಒಂದೇ ಸಲ. ನಿನ್ನೆಯ ಸಾಲು ಹೀಗಿದೆ: ಗಡುವು 1.8. ಒಳಗೆ ಬಂತು. ಹಿಡಿ ಮೇಲಿತ್ತು. ಅಂಗಿ ಅಡ್ಡ ಬರಲಿಲ್ಲ. ಒಳಗಿಟ್ಟದ್ದು, ಆರು ಸೆಕೆಂಡು.