ನೀರೊಳ್ಳೆ ಹಾವನ್ನ ಗುರುತು ಹಿಡಿಯೋದು, ಕೂತು ನೋಡೋದು ಹೇಗೆ

ಕೆರೆ ದಂಡೇಲೋ ಗದ್ದೆ ಬದುವಲ್ಲೋ ಹಾವು ಕಂಡ್ರೆ ನಿಂತಲ್ಲೇ ನಿಂತು ಮೊಬೈಲ್ ಝೂಮ್ ಮಾಡಿ ಕಣ್ಣಿನ ಕೆಳಗೆ ನೋಡಿ. ನೀರೊಳ್ಳೆ ಆಗಿದ್ರೆ ಅಲ್ಲಿ ಎರಡು ಕಪ್ಪು ಗೆರೆ ಇರುತ್ತೆ, ಒಂದು ಕಣ್ಣಿಂದ ಕೆಳಗೆ ಮೇಲ್ತುಟಿಗೆ, ಇನ್ನೊಂದು ಕಣ್ಣಿನ ಹಿಂದಿಂದ ಬಾಯಿ ಮೂಲೆ ಕಡೆಗೆ, ಅತ್ತು ಕಾಡಿಗೆ ಇಳಿದಿರೋ ಥರ. ಮೈಮೇಲಿನ ಚೌಕುಳಿ ನೋಡಿ ಹೇಳೋಕೆ ಹೋಗ್ಬೇಡಿ, ಯಾಕಂದ್ರೆ ಬಣ್ಣ ಒಂದೊಂದಕ್ಕೆ ಒಂದೊಂದು ಥರ, ಕೆಲವು ಹಳದಿ, ಕೆಲವು ಕೆಸರಿನ ಬಣ್ಣ, ಕೆಲವಕ್ಕೆ ಚೌಕುಳಿ ಕಾಣೋದೇ ಕಷ್ಟ.

ನೀರೊಳ್ಳೆಗೆ ವಿಷ ಇಲ್ಲ, ಆದ್ರೂ ಇದನ್ನ ವಿಷದ ಕೊಳಕುಮಂಡಲ ಅಂದ್ಕೊಂಡು ಹೊಡೆಯೋರು ಜಾಸ್ತಿ. ಕೊಳಕುಮಂಡಲದ ಮೈ ದಪ್ಪ, ಬಾಲ ಗಿಡ್ಡ, ತಲೆ ತ್ರಿಕೋನ, ಬೆನ್ನಮೇಲೆ ಸರಪಳಿ ಥರ ಮೊಟ್ಟೆಯಾಕಾರದ ಮಚ್ಚೆ, ಕಣ್ಣಿನ ಪಾಪೆ ಸೀಳಿದ ಹಾಗೆ ಉದ್ದಕ್ಕೆ. ನೀರೊಳ್ಳೆದು ದುಂಡು ಪಾಪೆ. ಆದ್ರೆ ಒದ್ದೆ ಜಾಗದಲ್ಲಿ ಇರೋದೆಲ್ಲ ವಿಷ ಇಲ್ಲದ್ದು ಅಂತ ತಿಳ್ಕೋಬೇಡಿ, ಇಲಿ ಹುಡುಕ್ಕೊಂಡು ನಾಗರಹಾವು, ಕೊಳಕುಮಂಡಲ ಎರಡೂ ಗದ್ದೆಗೆ ಬರುತ್ವೆ.

ನೋಡೋಕೆ ಬೆಳಗ್ಗೆ ಬಿಸಿಲು ಏರೋ ಹೊತ್ತು ಚೆನ್ನಾಗಿರುತ್ತೆ, ಜೊಂಡಿನ ಪಕ್ಕ ಕಲ್ಲಿನ ಮೇಲೆ ಮೈ ಕಾಯಿಸ್ಕೊಂಡಿರುತ್ತೆ. ಮಳೆಗಾಲದ ರಾತ್ರಿ ಕಪ್ಪೆ ಕೂಗೋ ಕಡೆ ಟಾರ್ಚ್ ಹಾಕಿದ್ರೂ ಸಿಗುತ್ತೆ. ಮೂರ್ನಾಲ್ಕು ಮೀಟರ್ ದೂರ ಕೂತ್ಕೊಳ್ಳಿ, ನಿಮ್ಮ ನೆರಳು ನೀರಮೇಲೆ ಬೀಳದ ಹಾಗೆ. ಮೊದ್ಲು ಬರೀ ತಲೆ ಕಾಣುತ್ತೆ, ಆಮೇಲೆ ಮುಳುಗುತ್ತೆ, ಇನ್ನೆಲ್ಲೋ ಏಳುತ್ತೆ. ನಾನು ಒಂದ್ಸಲ ಕಿರ್ರೋ ಅನ್ನೋ ಸದ್ದು ಕೇಳಿ ಏನೋ ಹಕ್ಕಿ ಅಂತ ಮೇಲೆ ನೋಡ್ತಾ ಇದ್ದೆ, ನೋಡಿದ್ರೆ ಕಾಲಡಿ ಹುಲ್ಲಲ್ಲಿ ಕಪ್ಪೆ, ಎರಡೂ ಹಿಂಗಾಲು ಹಾವಿನ ಬಾಯೊಳಗೆ, ಮುಂಗಾಲಲ್ಲಿ ಹುಲ್ಲು ಹಿಡ್ಕೊಂಡು ಜಗ್ತಾ ಇದೆ! ನುಂಗೋಕೆ ಹಾವಿಗೂ ಏನೂ ಆತುರ ಇರ್ಲಿಲ್ಲ. ಮೀನು, ಕಪ್ಪೆ ಇದರ ಮುಖ್ಯ ಊಟ, 1799ರಲ್ಲಿ ಇದಕ್ಕೆ ಇಟ್ಟ ಲ್ಯಾಟಿನ್ ಹೆಸರಲ್ಲೇ 'ಪಿಸ್ಕೇಟರ್', ಅಂದ್ರೆ ಮೀನುಗಾರ, ಅಂತ ಇದೆ.

ಬದುವಿನ ಬಿಲ ಕೆದಕೋಕೆ ಹೋಗ್ಬೇಡಿ. ಮೊಟ್ಟೆ ಇಡೋದು ಅಲ್ಲೇ, ಒಂದ್ಸಲಕ್ಕೆ 30ರಿಂದ 70ರವರೆಗೂ.

ಹಿಡಿಯೋಕಂತೂ ಬೇಡವೇ ಬೇಡ. ಕಾಯ್ದೆ ಒಪ್ಪಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ, ಅದು ಆ ಕಡೆ ಇರ್ಲಿ, ಈ ಹಾವಿಗೆ ವಿಷ ಇಲ್ಲ ಅನ್ನೋದು ಬಿಟ್ರೆ ಸಾಧು ಅನ್ನೋಕೆ ಏನೂ ಇಲ್ಲ. ಕತ್ತು ಚಪ್ಪಟೆ ಮಾಡಿ ಹೆಡೆ ಎತ್ತಿದ ಹಾಗೆ ನಿಂತು ಬುಸ್ ಅನ್ನುತ್ತೆ, ಅಷ್ಟಕ್ಕೂ ಬಿಡ್ಲಿಲ್ಲ ಅಂದ್ರೆ ಕಚ್ಚೇ ಕಚ್ಚುತ್ತೆ. ಬಾಲ ಹಿಡಿದ್ರೆ ಗಿರ್ರನೆ ತಿರುಗಿ ಬಾಲ ಕಿತ್ಕೊಂಡು ಹೋಗುತ್ತೆ, ಹಲ್ಲಿ ಥರ ಮತ್ತೆ ಬೆಳೆಯಲ್ಲ. ಕಚ್ಚಿದ್ರೆ ಸೋಪು ನೀರಲ್ಲಿ ಗಾಯ ತೊಳೀರಿ. ಯಾವ ಹಾವು ಅಂತ ಒಂಚೂರು ಅನುಮಾನ ಇದ್ರೂ ಕಟ್ಟೋದು, ಕುಯ್ಯೋದು ಮಾಡದೆ ಸೀದಾ ಆಸ್ಪತ್ರೆಗೆ ಹೋಗಿ.

ವಾಪಸ್ ಬರುವಾಗ ದಂಡೇಲಿ ಹರಿದ ನೈಲಾನ್ ಬಲೆ ಬಿದ್ದಿದ್ರೆ ಎತ್ಕೊಂಡು ಬನ್ನಿ. ಮೀನಿನ ಹಿಂದೆ ಹೋಗಿ ಸಿಕ್ಕಾಕ್ಕೊಂಡ ಹಾವು ಉಸಿರಾಡೋಕೆ ಮೇಲೆ ಬರೋಕಾಗದೆ ನೀರಲ್ಲೇ ಸಾಯುತ್ತೆ.